ಒಗ್ಗರಣೆ ಇಲ್ಲದ ಬೇಳೆ

ಮೊಮ್ಮಗಳು ಮೌನಿಕಾಳ ಮದುವೆ ಮುಗಿದು ಚಪ್ಪರ ಬಿಚ್ಚಿದ ಮರುದಿನ ನಾನು ಬಾಲಮ್ಮನಿಗಾಗಿ ಬೆಳ್ಳುಳ್ಳಿ ಖಾರ ಕುಟ್ಟಲು ಕುಳಿತೆ. ಬಾಲಮ್ಮ ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ಗಂಡ ತೀರಿಕೊಂಡ ಮೇಲೆ ಗದ್ವಾಲ್‌ನಲ್ಲಿ ಮಗ ಸಾಯಣ್ಣನ ಮನೆಯಲ್ಲಿದ್ದಳು. ಹಾಸಿಗೆ ಹಿಡಿದಿದ್ದರಿಂದ ಮದುವೆಗೆ ಬರಲಾಗಿರಲಿಲ್ಲ. ಹಿಂದಿನ ತಿಂಗಳು ಫೋನಿನಲ್ಲಿ ನನ್ನ ಹೆಸರು ಹಿಡಿದು, "ನಾಲಿಗಿ ಸತ್ತೈತಿ ಪೆಂಟಿ. ಏನ್ ತಿಂದ್ರೂ ಮಣ್ಣು ತಿಂದಂಗ. ಬಂದು ನಿನ್ನ ಕೈಲೆ ಒಂದು ತುತ್ತು ಉಣಿಸು," ಎಂದಿದ್ದಳು. ಮದುವೆ ಮುಗಿದ ಕೂಡಲೇ ಬರುತ್ತೇನೆಂದು ನಾನು ಮಾತು ಕೊಟ್ಟಿದ್ದೆ.

ನನಗೆ ಒಗ್ಗರಣೆ ಕಲಿಸಿದವಳು ಅವಳೇ. ಮಕ್ತಲ್‌ನಿಂದ ಮದುವೆಯಾಗಿ ನಾರಾಯಣಪೇಟೆಯ ಈ ನೇಕಾರರ ಮನೆಗೆ ಬಂದಾಗ ನಾನು ಸಾಸಿವೆಯನ್ನೂ ಜೀರಿಗೆಯನ್ನೂ ಒಟ್ಟಿಗೇ ಎಣ್ಣೆಗೆ ಸುರಿಯುತ್ತಿದ್ದೆ. "ಸಾಸಿವಿ ಹಿರೇಸೊಸಿ, ಜೀರಿಗಿ ಕಿರೇಸೊಸಿ. ಹಿರೇಕಿ ಸಿಡಿಸಿಡಿ ಅನ್ನೋದು ಮುಗಿದ ಮ್ಯಾಲ ಕಿರೇಕಿ ಒಳಗ ಬರಬೇಕು, ಇಲ್ಲಾಂದ್ರ ಸುಟ್ಟು ಕರಕಲಾಗ್ತಾಳ," ಎಂದು ನಕ್ಕಿದ್ದಳು. ಪುಂಡಿ ಸೊಪ್ಪಿಗೆ ಜಜ್ಜಿದ ಬೆಳ್ಳುಳ್ಳಿ, ತೊಗರಿ ಬೇಳೆಗೆ ಇಂಗು, ಬದನೆಕಾಯಿಗೆ ಹುರಿದ ಗುರೆಳ್ಳಿನ ಪುಡಿ. ಹುಣಸೆ ಸಾರಿಗೆ ಮೆಂತ್ಯ ಚಿಟಿಕೆಗಿಂತ ಹೆಚ್ಚಾದರೆ ಊಟಕ್ಕೆ ಕುಳಿತವರ ಮುಂದೆಯೇ, "ಇವತ್ತ ಕಷಾಯ ಮಾಡ್ಯಾಳ, ಕುಡೀರಿ," ಎನ್ನುತ್ತಿದ್ದಳು. ಆಗ ಅಳು ಬರುತ್ತಿತ್ತು. ಈಗ ಆ ಮಾತುಗಳಿಲ್ಲದೆ ನನ್ನ ಕೈಯಲ್ಲಿ ಒಂದು ಸಾರೂ ಕುದಿಯುವುದಿಲ್ಲ.

ಖಾರವನ್ನು ಡಬ್ಬಿಗೆ ತುಂಬುತ್ತಿದ್ದಾಗ ನನ್ನ ಗಂಡ ಚಂದ್ರಯ್ಯನವರು ಬಾಗಿಲಲ್ಲಿ ಬಂದು ನಿಂತರು.

"ಈಗ್ಯಾಕ ಹೋಗ್ತಿ? ಮುಂದಿನ ವಾರ ಹೋಗು. ಮೈಯೆಲ್ಲ ದಣಿದೈತಿ ನಿಂದು."

"ನನ್ನ ಮೈ ಕಾಯ್ತೈತಿ. ಅಕ್ಕನ ನಾಲಿಗಿ ಕಾಯ್ತೈತೇನ್ರಿ?"

ಅವರು ಮುಖ ತಿರುಗಿಸಿಕೊಂಡು ಹೊರಗೆ ಹೋದರು. ಮದುವೆಯುದ್ದಕ್ಕೂ ಅವರು ಹೀಗೇ ಇದ್ದರು. ಹೊಟ್ಟೆ ಸರಿಯಿಲ್ಲವೆಂದು ಬರೀ ಮೊಸರನ್ನ ಉಂಡರು. ದೇವರ ಜಗುಲಿಯ ಹತ್ತಿರವೂ ಸುಳಿಯಲಿಲ್ಲ. ಮೈಲಾರಲಿಂಗನಿಗೆ ಎಡೆ ಹಿಡಿದವಳು, ಬಂಡಾರ ಹಚ್ಚಿದವಳು ನಾನೇ. ಮಗನ ಮಗಳು ಹೋಗುತ್ತಾಳೆಂಬ ಸಂಕಟವಿರಬೇಕು ಎಂದುಕೊಂಡಿದ್ದೆ.

ಬೆಳಗಿನ ಬಸ್ಸಿಗೆ ಹೊರಟು, ಮಕ್ತಲ್‌ನಲ್ಲಿ ಇಳಿದು ಬೇರೆ ಬಸ್ಸು ಹಿಡಿದೆ. ಕೃಷ್ಣೆಯನ್ನು ದಾಟುವಾಗ ತಾಯಿಗೆ ಕೈಮುಗಿದು, ಅಕ್ಕನಿಗೆ ಅನ್ನ ಸೇರುವಂತೆ ಮಾಡೆಂದು ಬೇಡಿಕೊಂಡೆ.

ಗದ್ವಾಲ್‌ನ ಆ ಮನೆಯಲ್ಲಿ ಮಗ್ಗದ ಸದ್ದಿರಲಿಲ್ಲ. ಅಕ್ಕ ಮಲಗುತ್ತಿದ್ದ ಕೋಣೆಯ ಬಾಗಿಲು ಮುಚ್ಚಿತ್ತು. ಸಾಯಣ್ಣನ ಹೆಂಡತಿ ನವನೀತಾ ಕಾಲಿಗೆ ನೀರು ಕೊಟ್ಟಳು, ಮುಖ ಕೊಟ್ಟು ಮಾತಾಡಲಿಲ್ಲ.

"ಅತ್ತಿನ್ನ ಕರ್ನೂಲ್ ದವಾಖಾನಿಗೆ ಒಯ್ದಾರ, ಸಣ್ಣತ್ತಿ. ಅವ್ರೂ ಅಲ್ಲೇ ಅದಾರ. ನೀವು ಉಂಡು ಹೊಳ್ಳಿ ಹೋಗ್ಬೇಕಂತ. ಸಣ್ಣ ಮಾವಾರು ಫೋನ್ ಮಾಡಿದ್ರು."

"ಯಾವಾಗ ಮಾಡಿದ್ರು?"

"ಈಗ, ನೀವು ಬಸ್ಸಿನ್ಯಾಗ ಇದ್ದಾಗ."

"ಹೊಳ್ಳಿ ಯಾಕ ಹೋಗ್ಲಿ? ಕರ್ನೂಲಿಗೇ ಹೋಗ್ತೀನಿ. ರೈಲು ಐತೆಲ್ಲ."

"ಮೊದಲು ಉಣ್ರಿ," ಎಂದು ತಟ್ಟೆ ಇಟ್ಟಳು.

ರೊಟ್ಟಿ, ಅನ್ನ, ಬೇಳೆ. ಬೇಳೆ ಬಿಳಿಚಿಕೊಂಡಿತ್ತು. ಅದರಲ್ಲಿ ಅರಿಶಿನವಿಲ್ಲ, ಒಂದು ಸಾಸಿವೆ ಕಾಳು ತೇಲುತ್ತಿಲ್ಲ, ಕರಿಬೇವಿನ ಎಲೆಯಿಲ್ಲ. ಬೆಂದ ಬೇಳೆಗೆ ಉಪ್ಪು ಹಾಕಿ ಇಳಿಸಿದ್ದಳು, ಅಷ್ಟೇ.

"ಏನವ್ವ, ಗದ್ವಾಲ್ ಪ್ಯಾಟ್ಯಾಗ ಸಾಸಿವಿ ತೀರ್ಯಾವೇನು?" ಎಂದು ನಕ್ಕೆ. "ಅತ್ತಿ ಇಲ್ಲಂತ ಒಗ್ಗರಣಿಗೂ ರಜಾ ಕೊಟ್ಟಿ? ಆಕಿ ನೋಡಿದ್ರ ಬೈತಾಳ."

ನವನೀತಾ ನಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನನ್ನ ಕೈ ತಟ್ಟೆಯಲ್ಲೇ ನಿಂತಿತು. ಸಾವಿನ ಮನೆಯಲ್ಲಿ ಶುದ್ಧಿಯಾಗುವವರೆಗೆ ನಮ್ಮವರು ಒಲೆಯ ಮೇಲೆ ಎಣ್ಣೆ ಕಾಯಿಸುವುದಿಲ್ಲ, ಅರಿಶಿನ ಮುಟ್ಟುವುದಿಲ್ಲ. ಈ ಹುಡುಗಿಗೆ ಸುಳ್ಳು ಹೇಳಲು ಕಲಿಸಿದ್ದರು. ಸೂತಕದ ಒಲೆಗೆ ಒಗ್ಗರಣೆ ಹಾಕಲು ಮಾತ್ರ ಅವಳ ಕೈ ಏಳಲಿಲ್ಲ.

"ಯಾವಾಗ?" ಎಂದೆ.

"ಮೌನಿಕಾಗ ಅರಿಶಿಣ ಹಚ್ಚಿದ ದಿನ, ಸಣ್ಣತ್ತಿ."

ಆ ದಿನ ನಾನು ಸೇರುಗಟ್ಟಲೆ ಅರಿಶಿನ ಕಲಸಿದ್ದೆ. ದೊಡ್ಡ ಬಾಣಲೆಯಲ್ಲಿ ಒಗ್ಗರಣೆ ಸಿಡಿಸಿ, ಇದನ್ನು ಕಲಿಸಿದವಳು ನಮ್ಮಕ್ಕ ಎಂದು ಬೀಗರಿಗೆ ಹೇಳಿಕೊಂಡು ತಿರುಗಿದ್ದೆ. ಅದೇ ಮನೆಯಲ್ಲಿ ನನ್ನ ಗಂಡ ಮೊಸರನ್ನ ಉಣ್ಣುತ್ತಿದ್ದರು. ಅತ್ತಿಗೆಯ ಸೂತಕವನ್ನು ಅವರು ಗುಟ್ಟಾಗಿ ಹಿಡಿದಿದ್ದರು. ಅವಳಿಗಾಗಿ ಅಳುವ ಹಕ್ಕನ್ನು ತಾವಿಟ್ಟುಕೊಂಡು, ನನ್ನ ಕೈಗೆ ಅರಿಶಿನದ ಬಟ್ಟಲು ಕೊಟ್ಟಿದ್ದರು.

ನಾನು ತಿರುಗಿ ಹೋಗಲಿಲ್ಲ. ಮುಚ್ಚಿದ ಕೋಣೆಯ ಬಾಗಿಲನ್ನು ನವನೀತಾಳೇ ತೆರೆದಳು. ಒಳಗೆ ನೆಲದ ಮೇಲೆ ಒಂದು ದೀಪ ಉರಿಯುತ್ತಿತ್ತು. ಅದರ ಮುಂದೆ ಕುಳಿತೆ. ತಂದ ಖಾರವನ್ನು ಆ ಮನೆಯಲ್ಲಿ ಬಿಚ್ಚುವಂತಿರಲಿಲ್ಲ. ನೆರೆಮನೆಯವರಿಗೆ ಕೊಟ್ಟುಬಿಡೆಂದು ಹೇಳಿದೆ. ನನ್ನ ಕಣ್ಣು ತಪ್ಪಿಸಿ ಹೊರಗಿದ್ದ ಸಾಯಣ್ಣ ಕತ್ತಲಾದ ಮೇಲೆ ಮನೆಗೆ ಬಂದ.

ಶುದ್ಧಿಯ ದಿನ ಚಂದ್ರಯ್ಯನವರು ಬಂದರು. ಮನೆ ಸಾರಿಸಿ, ಸ್ನಾನವಾಗಿ, ನವನೀತಾ ಮೊದಲ ಒಗ್ಗರಣೆ ಹಾಕಿದ್ದಳು. ಅವರು ನನ್ನ ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಿದರು.

"ಸೂತಕ ಕೇಳಿದವರಿಗೆ ಹತ್ತತೈತಿ. ಕೇಳದವರಿಗೆ ಇಲ್ಲ. ಕೂಸಿನ ಮದುವಿ ನಿಂದ್ರಬಾರದಂತ ನಾ ಕೇಳಿದ್ದು ನಾನೇ ನುಂಗಿದೆ, ಆಮ್ಯಾಲ ಹೇಳಾಕ ಧೈರ್ಯ ಸಾಲಲಿಲ್ಲ. ದೇವ್ರ ಮುಂದ ನಿನ್ನ ಕೈ ಶುದ್ಧ ಇತ್ತು."

"ನನ್ನ ಕೈ ಶುದ್ಧ ಇತ್ರಿ. ನಿಮ್ಮ ಬಾಯಿ?"

ಹೊಸ್ತಿಲಲ್ಲಿ ನಿಂತಿದ್ದ ಸಾಯಣ್ಣನಿಗೆ ಅದುವರೆಗೆ ಬಿಗಿಹಿಡಿದಿದ್ದು ತಡೆಯದಾಯಿತು.

"ಚಿಗವ್ವ, ಅವ್ವ ಜೀವ ಬಿಡೋಕಿಂತ ಮೊದಲೇ ನಾ ಕಾಕಾಗ ಫೋನ್ ಮಾಡಿದ್ನಿ. ನಿನ್ನೇ ಕರೀತಾಳ, ಕಳಸ್ರಿ ಅಂದ್ನಿ. 'ಬಸ್ ಹತ್ಯಾಳ, ಮಕ್ತಲ್ ದಾಟ್ಯಾಳ ಅಂತ ಹೇಳು, ಸಮಾಧಾನ ಆಗ್ತಾಳ' ಅಂದ್ರು. ನಾನೂ ಖರೇ ಅನ್ಕೊಂಡು ಹಂಗೇ ಹೇಳಿದ್ನಿ. ಅವ್ವ ಬಾಗಲ ಕಡೀ ಹೊಳ್ಳಿ ಮಲಗಿದ್ಲು. ಕಡೀತನಾ ಹಂಗೇ ಇದ್ಲು."

ನಾನು ಗಂಡನ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಸಾಯುವವಳಿಗೂ ಸುಳ್ಳು ಉಣಿಸಿದ್ದರು. ನಾನು ಕೊಟ್ಟ ಮಾತನ್ನು ನನ್ನ ಹೆಸರಿನಲ್ಲಿಯೇ ಮುರಿದಿದ್ದರು. ಇಷ್ಟು ವರ್ಷ ಆ ಕೈಗೆ ನೀರು ಕೊಟ್ಟವಳು ನಾನು.

ನವನೀತಾ ತಟ್ಟೆಗಳನ್ನು ತಂದಿಟ್ಟಳು. ಬೇಳೆ ಹಳದಿಯಾಗಿತ್ತು, ಇಂಗಿನ ವಾಸನೆ ಬರುತ್ತಿತ್ತು.

"ಉಣ್ಣು," ಎಂದರು ಅವರು. "ಸಂಜಿ ಬಸ್ಸಿಗೆ ಮನಿಗೆ ಹೋಗೋಣು."

"ನನ್ನ ಸೂತಕ ಮುಗಿದಿಲ್ರಿ."

"ಎಲ್ಲಾರದೂ ಇವತ್ತ ಮುಗೀತಲ್ಲ."

"ಕೇಳಿದ ದಿನದಿಂದ ಸೂತಕ ಅಂದವರು ನೀವ. ಅಕ್ಕ ನನ್ನ ಕರದಾಳಂತ ನಾ ಕೇಳಿದ್ದು ಈಗ."

ಅವರು ಶಾಸ್ತ್ರ ಬಲ್ಲವರು. ಸಾವಿಗೆ ಸೂತಕ, ಕರೆದದ್ದಕ್ಕಲ್ಲ ಎಂದು ಹೇಳಬಹುದಿತ್ತು. ಒಬ್ಬರೇ ಉಂಡು, ಕೈ ತೊಳೆದು, ಹೆಗಲಿಗೆ ಟವೆಲ್ ಹಾಕಿಕೊಂಡು ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತರು. ನಾನು ಏಳಲಿಲ್ಲ. ಅವರು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದರು.

ನವನೀತಾ ನನ್ನ ಮುಂದಿನ ತಟ್ಟೆಯನ್ನು ಎತ್ತಿಕೊಂಡು, ಏನೂ ಕೇಳದೆ ಒಂದು ಹಿಡಿ ಬೇಳೆಯನ್ನು ಬೇರೆ ಪಾತ್ರೆಯಲ್ಲಿ ಬೇಯಲು ಇಟ್ಟಳು.