ಫಿಲ್ಮಿನ ದೋಷ

ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ಅರುಣ್‌ಕುಮಾರ್ ಹಾಸನದಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದ. ಮುಚ್ಚಿಹೋದ ಸ್ಟುಡಿಯೊ ಒಂದರಿಂದ ಅವನು ತಂದಿದ್ದ ಹಳೆಯ ಮರದ ಕ್ಯಾಮೆರಾ ಬಾಡಿಗೆ ಮನೆಯ ಅರ್ಧ ನಡುಮನೆಯನ್ನು ನುಂಗಿಹಾಕಿತ್ತು. ಅದಕ್ಕೆ ರೋಲು ಹಾಕುವಂತಿಲ್ಲ. ಒಂದೊಂದು ಫೋಟೊಗೂ ನೋಟ್‌ಬುಕ್ಕಿನಷ್ಟು ದೊಡ್ಡ ಒಂದೊಂದು ಫಿಲ್ಮ್ ಹಾಳೆ ಬೇಕು. ಅಂಥ ಫಿಲ್ಮ್ ಹೊರದೇಶದಿಂದ ಬರಬೇಕು, ಮೇಷ್ಟ್ರ ಸಂಬಳಕ್ಕೆ ಎಟುಕುವುದಲ್ಲ. ಹಾಗಾಗಿ ಅವನು ಎಕ್ಸ್‌ರೇ ಫಿಲ್ಮಿಗೆ ಕೈಹಾಕಿದ. ಅರಕಲಗೂಡಿನ ನರ್ಸಿಂಗ್ ಹೋಮೊಂದರಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ ಅವನ ಗೆಳೆಯ ಕಾಂತರಾಜು, ಕಂಪ್ಯೂಟರ್ ಮೆಷೀನು ಬಂದ ಮೇಲೆ ಹಾಗೇ ಉಳಿದಿದ್ದ ಫಿಲ್ಮಿನ ಡಬ್ಬಗಳನ್ನು ಅವನಿಗೆ ಕೊಟ್ಟಿದ್ದ.

ಆ ಫಿಲ್ಮಿನದು ಬೇರೆಯೇ ಗುಣ. ಅದಕ್ಕೆ ಕಾಣುವುದು ನೀಲಿ ಬೆಳಕು ಮಾತ್ರ. ಕೆಂಪು ಅದರ ಪಾಲಿಗೆ ಕತ್ತಲು. ಅದರಿಂದ ಒಂದು ಅನುಕೂಲವೂ ಇತ್ತು: ಬಚ್ಚಲಲ್ಲಿ ಕೆಂಪು ಬಲ್ಬು ಹಾಕಿಕೊಂಡೇ ತೊಳೆಯಬಹುದು. ಅವನ ಹೆಂಡತಿ ರಂಜಿನಿಗೆ ಹಾಗೆ ಪಕ್ಕದಲ್ಲಿ ನಿಂತು, ಟ್ರೇಯೊಳಗೆ ಮುಖ ನಿಧಾನವಾಗಿ ಮೂಡುವುದನ್ನು ನೋಡುವುದೆಂದರೆ ಇಷ್ಟ. ಹಾಸನದ ಸೀರೆ ಅಂಗಡಿಯೊಂದರ ಕೌಂಟರಿನಲ್ಲಿ ಇಡೀ ವಾರ ನಿಂತು ಬಂದವಳು, ಭಾನುವಾರ ಅವನ ಕ್ಯಾಮೆರಾ ಮುಂದೆ ಅಲ್ಲಾಡದೆ ಕೂರುತ್ತಿದ್ದಳು.

"ನನ್ನ ಕುಂಕುಮ ನೋಡ್ರೀ, ಮಸಿ ಇಟ್ಟಂಗೆ ಬಂದದೆ," ಎಂದು ನಗುತ್ತಿದ್ದಳು. "ಆದ್ರೂ ಚೆನ್ನಾಗದೆ. ನಮ್ಮ ಬಣ್ಣಕ್ಕೆ ಒಂದು ತೂಕ ಬತ್ತದೆ ಇದ್ರಲ್ಲಿ."

ತನ್ನ ಕೇರಿಯ ಜನರ, ಹೊಲಗದ್ದೆಗಳಲ್ಲಿ ದುಡಿದ ಹೆಂಗಸರ ಮುಖಗಳ ಫೋಟೊ ತೆಗೆದು ಒಂದು ಪ್ರದರ್ಶನ ಮಾಡಬೇಕೆಂದು ಅರುಣನ ಆಸೆ. ಅದಕ್ಕೆ ಯಾವ ಫಿಲ್ಮ್ ಸರಿ ಎಂದು ತೀರ್ಮಾನಿಸಲು ಹೇಗೋ ದುಡ್ಡು ಹೊಂದಿಸಿ ಹೊರದೇಶದ ಅಸಲಿ ಫಿಲ್ಮಿನ ಒಂದು ಪುಟ್ಟ ಡಬ್ಬ ತರಿಸಿದ. ಒಂದು ಭಾನುವಾರ ಬೆಳಗ್ಗೆ ರಂಜಿನಿಯನ್ನು ಕಿಟಕಿಯ ಪಕ್ಕ ಕೂರಿಸಿ, ಒಂದರ ಹಿಂದೊಂದು ಎರಡೂ ಫಿಲ್ಮಿನಲ್ಲಿ ತೆಗೆದ. ಆಮೇಲೆ ಅವಳು ಅತ್ತೆ ಸುಬ್ಬಮ್ಮನ ಜೊತೆ ತರಕಾರಿ ತರಲು ಹೋದಳು. ಅವನು ಬಚ್ಚಲ ಬಾಗಿಲು ಹಾಕಿಕೊಂಡ.

ಅಸಲಿ ಫಿಲ್ಮಿನಲ್ಲಿ ಅವಳ ಮುಖ ನುಣುಪಾಗಿ, ಕಣ್ಣಿಗೆ ಕಂಡಂತೆಯೇ ಬಂದಿತ್ತು. ಎಕ್ಸ್‌ರೇ ಫಿಲ್ಮಿನ ಪ್ರಿಂಟಿನಲ್ಲಿ ಮಾತ್ರ ತುಟಿಯ ಎರಡೂ ಕೊನೆಗಳಲ್ಲಿ, ಎಡಗಣ್ಣಿನ ರೆಪ್ಪೆಯ ಮೇಲೆ ಬಿಳಿಚಿದ ಕಲೆಗಳು. ಕೆಮಿಕಲ್ ಸರಿಯಾಗಿ ಹರಡಿಲ್ಲ ಎಂದುಕೊಂಡ. ಈ ಫಿಲ್ಮಿನ ಎರಡು ಮೈಗೂ ಲೇಪ ಇರುವುದರಿಂದ ಉಗುರು ತಾಗಿದರೂ ಗೀರು ಬೀಳುತ್ತಿತ್ತು. ಆದರೆ ಇದು ಗೀರಲ್ಲ. ಮುಂದಿನ ಭಾನುವಾರ ಮತ್ತೆ ತೆಗೆದ. ಅದೇ ಜಾಗದಲ್ಲಿ ಅದೇ ಕಲೆ. ಅದೇ ಡಬ್ಬದ ಇನ್ನೊಂದು ಹಾಳೆಯಲ್ಲಿ ಅವ್ವನನ್ನು ತೆಗೆದ. ಸುಬ್ಬಮ್ಮನ ಒಂದೊಂದು ಸುಕ್ಕೂ ಎಣಿಸುವಂತೆ ಬಂದಿತ್ತು, ಕಲೆ ಎಲ್ಲೂ ಇರಲಿಲ್ಲ.

ಬಸ್ಸಿನಲ್ಲಿ ಕೂತು ಫೋನಿನಲ್ಲಿ ಹುಡುಕಿದ. ಚರ್ಮ ತನ್ನ ಬಣ್ಣ ಕಳೆದುಕೊಳ್ಳತೊಡಗಿದರೆ, ಬರಿಗಣ್ಣಿಗೆ ತಿಳಿಯುವ ಮೊದಲೇ ನೀಲಿ ಬೆಳಕಿನಲ್ಲಿ ಅದು ಕಾಣುವುದುಂಟು ಎಂದು ಎಲ್ಲೋ ಬರೆದಿತ್ತು. ಅದರ ಕೆಳಗೆ ಆ ಕಾಯಿಲೆಯ ಹೆಸರಿತ್ತು. ತೊನ್ನು. ಫೋನು ಜೇಬಿಗಿಟ್ಟುಕೊಂಡ. ಹಳೇಕೋಟೆಯಲ್ಲಿದ್ದ ಅವನ ದೊಡ್ಡಮ್ಮ ಪಾರ್ವತಮ್ಮನಿಗೆ ತೊನ್ನು ಇತ್ತು. ಮದುವೆ ಮನೆಗಳಲ್ಲಿ ಅವಳು ಉದ್ದ ತೋಳಿನ ರವಿಕೆ ತೊಟ್ಟು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತ ಕೂತಿರುತ್ತಿದ್ದಳು, ಊಟಕ್ಕೆ ಬಡಿಸಲು ಅವಳನ್ನು ಯಾರೂ ಕರೆಯುತ್ತಿರಲಿಲ್ಲ.

ರಂಜಿನಿ ಫೋಟೊ ಕೇಳಿದಾಗ ಅಸಲಿ ಫಿಲ್ಮಿನದನ್ನು ಮಾತ್ರ ಕೊಟ್ಟ.

"ಇನ್ನೊಂದು?"

"ಅದು ಕೆಟ್ಟೋಯ್ತು. ಹಳೇ ಫಿಲ್ಮು, ಮುಖದ ಮೇಲೆಲ್ಲ ಕಲೆ ಬರ್ತದೆ. ಇನ್ಮೇಲೆ ಅದರ ಸಹವಾಸ ಬೇಡ."

"ಅಷ್ಟೊಂದು ಚೆನ್ನಾಗಿ ಬರ್ತಿತ್ತಲ್ರೀ."

"ನಿಂಗೊತ್ತಾಗಲ್ಲ, ಬಿಡು."

ಡಬ್ಬಗಳನ್ನು ಕಾಂತರಾಜುವಿಗೆ ಹಿಂದಿರುಗಿಸಿದ. ಅವನಿಗೂ ಅದನ್ನೇ ಹೇಳಿದ. ಅವ್ವನಿಗೆ ಗೊತ್ತಾದರೆ ಏನನ್ನುತ್ತಾಳೋ, ರಂಜಿನಿ ಎಷ್ಟು ಹೆದರುತ್ತಾಳೋ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಪ್ರದರ್ಶನದ ಮಾತನ್ನೂ ಎತ್ತಲಿಲ್ಲ. ಊಟಕ್ಕೆ ಕೂತಾಗ ಅವಳ ತುಟಿಯ ಅಂಚನ್ನೇ ನೋಡುತ್ತಿದ್ದ, ಅವಳು ತಿರುಗಿದ ಕೂಡಲೇ ತಟ್ಟೆ ನೋಡುತ್ತಿದ್ದ. ಇವರಿಗೇನೋ ಬೇಜಾರಾಗಿದೆ ಎಂದುಕೊಳ್ಳುತ್ತಿದ್ದಳು ಅವಳು.

ಮಳೆಗಾಲ ಮುಗಿಯುವ ಹೊತ್ತಿಗೆ ಕಲೆ ಹೊರಗೆ ಬಂತು. ಮೊದಲು ತುಟಿಯ ಬಲಗೊನೆ, ಆಮೇಲೆ ಎಡ. ಲಿಪ್‌ಸ್ಟಿಕ್ ಆಗಿಬಂದಿಲ್ಲ ಎಂದುಕೊಂಡು ಹಚ್ಚುವುದನ್ನು ಬಿಟ್ಟಳು. ಕೊಬ್ಬರಿ ಎಣ್ಣೆ ಸವರಿದಳು. ಕೊನೆಗೆ ಒಂದು ಶನಿವಾರ ಅವಳೇ ಹೊರಟಳು, ಅವನೂ ಜೊತೆಗೆ ಹೋದ.

ಚರ್ಮದ ಡಾಕ್ಟರು ನೀಲಾಂಬಿಕೆ ನಿಧಾನಸ್ಥೆ. ಕೋಣೆಯ ದೀಪ ಆರಿಸಿ, ಕೈಯಲ್ಲಿ ಹಿಡಿಯುವ ನೇರಳೆ ಬೆಳಕಿನ ದೀಪವೊಂದನ್ನು ರಂಜಿನಿಯ ಮುಖದ ಹತ್ತಿರ ತಂದರು. ಕಲೆಗಳು ಸುಣ್ಣ ಬಳಿದಂತೆ ಹೊಳೆದವು. ಹಗಲಲ್ಲಿ ಏನೂ ಕಾಣದಿದ್ದ ಎಡ ರೆಪ್ಪೆಯೂ ಹೊಳೆಯಿತು. ಡಾಕ್ಟರು ಕನ್ನಡಿ ಕೊಟ್ಟರು. "ನೋಡಿಕೊಳ್ಳಮ್ಮ, ಹೆದರಬೇಡ. ಇದು ಅಂಟುರೋಗ ಅಲ್ಲ, ಜೀವಕ್ಕೂ ಏನೂ ಇಲ್ಲ. ಶುರುವಿನಲ್ಲೇ ಬಂದಿದ್ದರೆ ಹರಡದಂತೆ ತಡೆಯೋದು ಸುಲಭ ಆಗ್ತಿತ್ತು. ಈಗಲೂ ಪ್ರಯತ್ನ ಮಾಡೋಣ."

"ಶುರುವಿನಲ್ಲಿ ನಂಗೇ ಗೊತ್ತಿರಲಿಲ್ಲ ಮೇಡಂ," ಎಂದಳು ರಂಜಿನಿ.

ಅರುಣ ಕತ್ತಲಲ್ಲಿ ಗೋಡೆಗೆ ಒರಗಿ ನಿಂತಿದ್ದ.

ಇಬ್ಬರೂ ಆಟೊದಲ್ಲಿ ಮನೆಗೆ ಹೊರಟರು. ಸಿಟಿ ಬಸ್ಸೊಂದು ಅಡ್ಡ ಬಂದು ಆಟೊ ನಿಂತಿತು. ಆಗ ಕೇಳಿದಳು.

"ಆ ಎಕ್ಸ್‌ರೇ ಫಿಲ್ಮಲ್ಲಿ ಕಲೆ ಬತ್ತದೆ ಅಂದ್ರಲ್ಲ. ಎಲ್ಲಿ ಬಂದಿತ್ತು?"

ಅವನು ಹೊರಗೆ ನೋಡಿದ.

"ಇಲ್ಲಾ?" ತುಟಿಯ ಕೊನೆಗೆ ಬೆರಳಿಟ್ಟಳು. ಬೆರಳು ಮೇಲೆ ಹೋಗಿ ರೆಪ್ಪೆಯ ಮೇಲೆ ನಿಂತಿತು. "ಇಲ್ಲೂವಾ?"

"ರಂಜೂ, ನಂಗೆ ಖಾತ್ರಿ ಇರಲಿಲ್ಲ..."

"ಖಾತ್ರಿ ಇಲ್ದೋರು ಫಿಲ್ಮು ಯಾಕೆ ವಾಪಸ್ ಕೊಟ್ರಿ?"

ಮನೆಗೆ ಬಂದ ಮೇಲೂ ಅವಳು ಕೂಗಾಡಲಿಲ್ಲ. ಆ ಫೋಟೊ ತೋರಿಸಿ ಎಂದಳು, ಅಷ್ಟೇ. ಬೀರುವಿನಿಂದ ತೆಗೆದುಕೊಟ್ಟ. ಕಿಟಕಿಯ ಹತ್ತಿರ ಕೂತು ಬಹಳ ಹೊತ್ತು ನೋಡಿದಳು. ಆ ಫೋಟೊದಲ್ಲಿ ಅವಳು ಗಂಡನನ್ನೇ ನೋಡಿ ನಗುತ್ತಿದ್ದಳು.

ಒಳಗಿನಿಂದ ಬಂದ ಸುಬ್ಬಮ್ಮನಿಗೆ ಅವಳೇ ಎಲ್ಲ ಹೇಳಿದಳು. ಅರುಣ ತಲೆ ತಗ್ಗಿಸಿ, "ನೀನು ಏನಂತೀಯೋ ಅಂತ ಹೆದರಿದ್ದೆ ಕಣವ್ವ," ಎಂದ.

ಸುಬ್ಬಮ್ಮ ಮಗನನ್ನು ದಿಟ್ಟಿಸಿದಳು. "ನನ್ ಮ್ಯಾಲೆ ಯಾಕ್ಲಾ ಹಾಕ್ತೀಯ? ಪಾರ್ವತಕ್ಕನ ಎಂಜಲು ತಟ್ಟೇಲಿ ಉಂಡು ಬೆಳೆದೋಳು ಕಣ್ಲಾ ನಾನು. ಅವಳ ಪಕ್ಕದಲ್ಲೇ ಮನಗ್ತಿದ್ದೆ. ನಂಗೇನಾಯ್ತು? ಎದುರಿಕೆ ನಂದಲ್ಲ, ನಿಂದು." ಸೊಸೆಯ ಕಡೆ ತಿರುಗಿ ತಲೆ ಸವರಿದಳು. "ಏಳು ಮಗ, ಒಂದ್ ತುತ್ತು ಉಣ್ಣು. ಮಾತ್ರೆ ತಕಬೇಕಲ್ಲ."

ಅವ್ವ ಹೇಳಿದ್ದು ನಿಜ. ಕತ್ತಲಲ್ಲಿ ಹೆಂಡತಿ ಪಕ್ಕಕ್ಕೆ ಹೊರಳಿದಾಗ ಎಷ್ಟೋ ಸಲ ತಾನು ಉಸಿರು ಬಿಗಿಹಿಡಿದು ದೂರ ಸರಿದದ್ದು ತನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದ. ಅವಳಿಗೂ ಗೊತ್ತಿತ್ತೆಂದು ಅವನಿಗೆ ಈಗ ಅನ್ನಿಸಿತು.

ಔಷಧ ನಡೆಯಿತು. ರೆಪ್ಪೆಯ ಕಲೆ ಡಾಕ್ಟರು ಕಂಡಂತೆಯೇ ಹೊರಗೆ ಬಂತು, ಬೆರಳುಗಳಿಗೂ ಇಳಿಯಿತು, ಆಮೇಲೆ ಅಲ್ಲಿಗೇ ನಿಂತಿತು. ಸೀರೆ ಅಂಗಡಿಯ ಮಾಲೀಕ ಮೆತ್ತಗೆ ಮಾತಾಡಿ ಅವಳನ್ನು ಮೇಲಿನ ಗೋಡೌನಿಗೆ ಕಳಿಸಿದ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಕಟ್ಟು ಬಿಚ್ಚಿ ಚೀಟಿ ಅಂಟಿಸುವ ಕೆಲಸ. ಯುಗಾದಿಯವರೆಗೆ ಮಾಡಿ ಬಿಟ್ಟುಬಿಟ್ಟಳು. ಅರುಣನ ಜೊತೆ ಸಂಸಾರದ ಮಾತೆಲ್ಲ ಆಡುತ್ತಿದ್ದಳು: ಗ್ಯಾಸು ಮುಗಿಯಿತು, ಅತ್ತೆಗೆ ಕಾಲುನೋವು, ನಾಳೆ ನೀರು ಬರುವುದಿಲ್ಲ. ರಾತ್ರಿ ಅತ್ತೆಯ ಕೋಣೆಯಲ್ಲಿ ಹಾಸಿಕೊಳ್ಳುತ್ತಿದ್ದಳು. ಅವನು ಒಂದು ಸಲ ಅವಳ ಕೈ ಹಿಡಿದು ಕ್ಷಮಿಸು ಎಂದ. ಅವಳು ಕೈ ಎಳೆದುಕೊಳ್ಳಲಿಲ್ಲ. ಅವನು ಬಿಡುವವರೆಗೆ ಕಾದಳು.

ಜೂನಿನಲ್ಲಿ ಚನ್ನರಾಯಪಟ್ಟಣದ ಖಾಸಗಿ ಶಾಲೆಯೊಂದರ ಆಫೀಸಿನಲ್ಲಿ ಕೆಲಸವಿದೆ ಎಂದು ತಿಳಿಯಿತು. ಅರ್ಜಿಗೆ ಫೋಟೊ ಬೇಕಿತ್ತು.

"ನಾನೇ ತೆಗೀತೀನಿ," ಎಂದ ಅರುಣ.

"ಬೇಡ. ಬಸ್‌ಸ್ಟ್ಯಾಂಡ್ ಹತ್ರ ತೆಗೆಸ್ಕತೀನಿ."

ಅವನು ಬೇಡವೆನ್ನಿಸಿಕೊಂಡೂ ಹಿಂದೆ ಹೋದ. ಸ್ಟುಡಿಯೊದವನು ಒಂದೇ ನಿಮಿಷದಲ್ಲಿ ತೆಗೆದು, ಕಂಪ್ಯೂಟರಿನ ಮುಂದೆ ಕೂತು, ಕೇಳದೆಯೇ ತುಟಿಯ ಸುತ್ತ ಬಣ್ಣ ತುಂಬತೊಡಗಿದ.

"ಅಳಿಸ್ಬೇಡಿ," ಎಂದಳು ರಂಜಿನಿ.

"ಚೆನ್ನಾಗಿ ಕಾಣ್ತದೆ ಮೇಡಂ, ಎಲ್ರೂ ಮಾಡಿಸ್ಕತಾರೆ."

"ಅಲ್ಲಿ ಓಗಿ ನಿಂತಾಗ ಇದೇ ಮುಖ ತಾನೆ ಕಾಣೋದು? ಇರೋಂಗೇ ಕೊಡಿ."

ಅವನು ಭುಜ ಕುಣಿಸಿ ಪ್ರಿಂಟು ತೆಗೆದುಕೊಟ್ಟ. ಬಾಗಿಲಲ್ಲಿ ನಿಂತಿದ್ದ ಅರುಣ ಕೈ ಚಾಚಿದ, ಆ ಫೋಟೊ ನೋಡಬೇಕೆನ್ನಿಸಿತ್ತು. ಅವಳು ಅದನ್ನು ಲಕೋಟೆಗೆ ಹಾಕಿ ವ್ಯಾನಿಟಿ ಬ್ಯಾಗಿನಲ್ಲಿಟ್ಟು ಜಿಪ್ ಎಳೆದಳು. ಚನ್ನರಾಯಪಟ್ಟಣದ ಬಸ್ಸು ಹೊರಡಲು ನಿಂತಿತ್ತು.

"ಸಾಯಂಕಾಲ ಬರೋದು ತಡ ಆಗ್ಬೋದು. ಅತ್ತೆಗೆ ಮಾತ್ರೆ ಕೊಡಿ," ಎಂದು ಹೇಳಿ ಹತ್ತಿದಳು.

ಬಸ್ಸು ಹೊರಟ ಮೇಲೆ ಅರುಣ ಹೊಳೆನರಸೀಪುರದ ಬಸ್ಸು ನಿಲ್ಲುವ ಕಡೆಗೆ ನಡೆದ. ಶಾಲೆಗೆ ಆಗಲೇ ತಡವಾಗಿತ್ತು.