ಬಿಸಿಲು ಬರೆದ ತಾರೀಖು

ನಾನೊಂದು ನೋಟೀಸ್ ಬೋರ್ಡು. ಮೊದಲೇ ಹೇಳಿಬಿಡುತ್ತೇನೆ, ನನಗೆ ಯಾರ ಕನಿಕರವೂ ಬೇಡ. ಮುದಿತನದಲ್ಲಿ ಕಥೆ ಹೇಳಲು ಕೂತ ವಸ್ತುಗಳಿಗೆ ಅಳುವ ಚಟವಿದೆ. ಹರಿದ ಕೊಡೆ ಅಳುತ್ತದೆ, ಸವೆದ ಚಪ್ಪಲಿ ಅಳುತ್ತದೆ. ನಾನು ಅಳುವ ಜಾತಿಯಲ್ಲ. ನನ್ನನ್ನು ಹದಿಮೂರು ವರ್ಷ ಸುಳ್ಳುಸಾಕ್ಷಿ ಮಾಡಿದರು. ಒಂದು ದಿನ ನಾನು ನಿಜ ಹೇಳಿದೆ. ಅದನ್ನು ನಿಮಗೂ ಹೇಳಿಯೇ ತೀರುತ್ತೇನೆ.

ನನ್ನನ್ನು ಮಾಡಿದವರು ಬಡಿಗೇರ ಮೌನೇಶಪ್ಪ. ಸಾಗವಾನಿ ಚೌಕಟ್ಟು, ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ, ಒಳಗೆ ಪಿನ್ನು ಚುಚ್ಚಲು ಮೆತ್ತನೆಯ ಹಲಗೆ, ಅದರ ಮೇಲೆ ಹಸಿರು ಬಟ್ಟೆ. ಮೂಲೆಗಳನ್ನು ಕೂಡಿಸಲು ಅವರು ಒಂದೇ ಒಂದು ಮೊಳೆ ಬಳಸಲಿಲ್ಲ. ಕೆಲಸ ಮುಗಿದ ಮೇಲೆ ನನ್ನ ಬೆನ್ನು ತಟ್ಟಿ, "ಇದರ ಮ್ಯಾಲ ಹಚ್ಚಿದ್ದು ಎಲ್ಲಾರಿಗೂ ಗೊತ್ತಾಗಬೇಕು ನೋಡಪಾ" ಎಂದರು. ಆ ಮಾತನ್ನು ನಾನು ಮರೆತಿಲ್ಲ.

ಎರೆ ಭೂಮಿಯ ಸೀಮೆಯ ಒಂದು ವಿಶ್ವವಿದ್ಯಾಲಯ, ಅದರ ಸಸ್ಯಶಾಸ್ತ್ರ ವಿಭಾಗದ ಪಡಸಾಲೆ; ಅಲ್ಲಿಯ ಗೋಡೆಗೆ ನನ್ನನ್ನು ಬಿಗಿದರು. ಎದುರಿಗೇ ಪಡುವಣದ ಕಿಟಕಿ. ಮಧ್ಯಾಹ್ನ ಮೂರಾದರೆ ಸಾಕು, ಬಿಸಿಲು ನೇರ ನನ್ನ ಮುಖಕ್ಕೆ. ಆಗಿನ ಮುಖ್ಯಸ್ಥರು ಜೋಗಳೇಕರ ಸರ್. ಟಪಾಲು ಒಡೆದ ಕೂಡಲೇ ನಾಲ್ಕು ಪಿನ್ನು ಬಾಯಲ್ಲಿ ಕಚ್ಚಿಕೊಂಡು ತಾವೇ ಬರುತ್ತಿದ್ದರು. ಯಾವ ಸಂಸ್ಥೆಯ ಫೆಲೋಶಿಪ್, ಯಾರು ಅರ್ಜಿ ಹಾಕಬಹುದು, ಕೊನೆಯ ದಿನ ಯಾವುದು, ಎಲ್ಲದರ ಕೆಳಗೂ ಕೆಂಪು ಗೆರೆ ಎಳೆಯುತ್ತಿದ್ದರು. ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಓದುತ್ತಿದ್ದರು. ನನ್ನನ್ನು ಓದಿಕೊಂಡೇ ಹನ್ನೊಂದು ಮಂದಿ ಸಂಶೋಧನೆಗೆ ಹೋದರು. ನಾನು ಹೆಮ್ಮೆ ಪಟ್ಟೆ, ಈಗಲೂ ಪಡುತ್ತೇನೆ.

ಅವರು ನಿವೃತ್ತರಾಗಿ ತುರಮರಿ ಸರ್ ಮುಖ್ಯಸ್ಥರಾದರು. ಬಂದ ತಿಂಗಳಲ್ಲೇ ನನಗೆ ಗಾಜಿನ ಬಾಗಿಲು ಬಂತು, ಬಾಗಿಲಿಗೆ ಬೀಗ ಬಂತು. ಹುಡುಗರು ಕಾಗದ ಹರಿದುಕೊಂಡು ಹೋಗುತ್ತಾರೆ ಎಂಬುದು ನೆಪ. ಚಾವಿ ಸಿಪಾಯಿ ಫಕೀರಪ್ಪನ ಉಡಿದಾರಕ್ಕೆ ಸೇರಿತು. ಅಂದಿನಿಂದ ಫೆಲೋಶಿಪ್ಪಿನ ಪತ್ರಗಳು ನೇರ ನನ್ನ ಬಳಿ ಬರಲಿಲ್ಲ. ಮೊದಲು ಸರ್ ಅವರ ಡ್ರಾಯರಿಗೆ ಹೋದವು. ಅವರ ಕೈಕೆಳಗಿನ ವಿದ್ಯಾರ್ಥಿಯ ಅರ್ಜಿ ಸಿದ್ಧವಾಗಿ, ಹೊರಟು, ತಲುಪಿದ ಮೇಲೆ ಪತ್ರ ನನ್ನ ಬಳಿ ಬರುತ್ತಿತ್ತು. ಮೂಲೆಯಲ್ಲಿ ಇಪ್ಪತ್ತು ದಿನ ಹಿಂದಿನ ತಾರೀಖು. ಯಾರಾದರೂ ಕೇಳಿದರೆ ಒಂದೇ ಉತ್ತರ: "ಬೋರ್ಡಿಗೆ ಹಚ್ಚಿದ್ದಿವಲ್ಲ, ನೋಡಬೇಕಿತ್ತು." ಕದ್ದವರು ಅವರು, ಹೆಸರು ನನ್ನದು.

ಬಸವಂತ ಎಂಬ ಹುಡುಗನಿದ್ದ. ಒಂದು ಸಂಜೆ ಗಾಜಿನ ಮೇಲೆ ಬೆರಳಿಟ್ಟು ಕೊನೆಯ ದಿನ ಓದಿದ. ಅದು ಹಿಂದಿನ ದಿನವೇ ಮುಗಿದಿತ್ತು. ಎರಡು ಸಲ ಓದಿ ಮೆಟ್ಟಿಲಿಳಿದ. ಮುಂದೆ ಟ್ಯೂಷನ್ ಕ್ಲಾಸಿನಲ್ಲಿ ಪಾಠ ಹೇಳಲು ಹೋದನೆಂದು ಕೇಳಿದೆ. ಅವನ ಬೆರಳಿನ ಗುರುತು ಗಾಜಿನ ಮೇಲೆ ಎಂಟು ದಿನ ಇತ್ತು. ಆಮೇಲೆ ಫಕೀರಪ್ಪ ಒರೆಸಿದ.

"ಈಗೆಲ್ಲ ಫೋನಿನಲ್ಲೇ ಸಿಗುತ್ತದಲ್ಲ, ನೀನು ಯಾರಿಗೆ ಬೇಕು?" ಎಂದು ನೀವು ಕೇಳಬಹುದು. ಸಿಗುತ್ತದೆ, ನಿಜ. ಆದರೆ ಅರ್ಜಿ ವಿಭಾಗದ ಮುಖ್ಯಸ್ಥರ ಸಹಿಯೊಂದಿಗೇ ಹೋಗಬೇಕು. ಆ ಸಹಿಗೆ ಯಾವ ದಿನದೊಳಗೆ ಕೊಡಬೇಕು ಎಂಬುದು ಯಾವ ಫೋನಿನಲ್ಲೂ ಬರುವುದಿಲ್ಲ. ಅದು ನನ್ನ ಮೇಲೆ ಮಾತ್ರ ಬರುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡುವ ಜಾಗ ಅದು.

ಶಮಶಾದ ನದಾಫ ಇದೇ ವಿಭಾಗದಲ್ಲಿ ಪಿಎಚ್.ಡಿ. ಮುಗಿಸಿದವಳು. ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುವವರು. ಅವಳ ಅಧ್ಯಯನ ಎರೆ ಹೊಲದ ಬದುಗಳ ಹುಲ್ಲಿನ ಮೇಲೆ. ಬಿರುಕು ಬಿಡುವ ನೆಲದಲ್ಲಿ ಯಾವ ಹುಲ್ಲು ಬದುವನ್ನು ಹಿಡಿದು ನಿಲ್ಲಿಸುತ್ತದೆ ಎಂಬುದರ ಮೇಲೆ. ಹುಲ್ಲಿಗೆ ಏನು ಸಂಶೋಧನೆ ಎಂದು ನಕ್ಕವರಿದ್ದರು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಯುವ ಸಂಶೋಧಕರಿಗೆ ಮೂರು ವರ್ಷದ ಒಂದು ಫೆಲೋಶಿಪ್ ಇದೆಯೆಂದು ಬಸ್ಸಿನಲ್ಲಿ ಫೋನು ತಡಕಾಡುತ್ತಾ ತಾನೇ ಹುಡುಕಿದಳು. ಮೂವತ್ತೆರಡು ತುಂಬಿರಬಾರದು. ಅವಳಿಗೆ ಬರುವ ಆಗಸ್ಟಿಗೆ ತುಂಬುತ್ತಿತ್ತು. ಅಂದರೆ ಇದೇ ಕೊನೆಯ ಅವಕಾಶ. ತಪ್ಪಿದರೆ ಹುಲ್ಲು ಬಿಟ್ಟು ಬೇರೆ ಕೆಲಸ ನೋಡಬೇಕು. ಒಂದು ವಿಭಾಗದಿಂದ ಎರಡು ಅರ್ಜಿ ಕಳಿಸಬಹುದು, ಆರಿಸುವುದು ಒಬ್ಬರನ್ನೇ. ಸರ್ ಅವರ ವಿದ್ಯಾರ್ಥಿಯ ಅರ್ಜಿ ಆಗಲೇ ಹೋಗಿತ್ತು. ಎರಡನೆಯದು ಹೋಗದಿದ್ದರೆ ಅವರಿಗೆ ನೆಮ್ಮದಿ.

ಕೊನೆಯ ದಿನ ಮೇ ಮೂವತ್ತೊಂದು. ಶಮಶಾದ ಇಪ್ಪತ್ತನೇ ತಾರೀಖಿಗೇ ಎಲ್ಲ ಸಿದ್ಧಮಾಡಿ ಕಚೇರಿಗೆ ಹೋದಳು. ಗುಮಾಸ್ತ ಗುರುಪಾದಪ್ಪ ಕಾಗದ ಮುಟ್ಟಲೇ ಇಲ್ಲ.

"ವಿಭಾಗದ ಕಡೇ ದಿನ ಹದಿನೈದಕ್ಕ ಮುಗೀತಲ್ಲವಾ. ಎರಡನೇ ತಾರೀಖಿಗೇ ಬೋರ್ಡಿಗೆ ಹಚ್ಚೇವಿ."

"ನಾ ದಿನಾ ಬೋರ್ಡು ಓದ್ತೀನ್ರಿ. ಇರಲಿಲ್ಲ."

"ದಿನಾ ಓದಿದ್ರ ಕಾಣಬೇಕಿತ್ತಲ್ಲ! ಹೋಗಿ ನೋಡು."

ಬಂದು ನೋಡಿದಳು. ಇತ್ತು. ಮೇ ಎರಡು ಎಂಬ ತಾರೀಖು, ಸರ್ ಅವರ ಸಹಿ, ನೆಟ್ಟಗೆ ನನ್ನ ಎದೆಯ ಮೇಲೆ. ಅದನ್ನು ಫಕೀರಪ್ಪ ಆವತ್ತೇ ಬೆಳಿಗ್ಗೆ ಹನ್ನೊಂದಕ್ಕೆ ಹಚ್ಚಿದ್ದ. ಪಿನ್ನು ಚುಚ್ಚುವಾಗ ಅವನು ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದ. ಅವಳ ಮುಖ ನೋಡಿದೆ. ತನ್ನ ಕಣ್ಣನ್ನೇ ಅನುಮಾನಿಸುತ್ತಿದ್ದಳು. ನನಗೆ ಬಂದ ಸಿಟ್ಟು ಎಷ್ಟೆಂದರೆ, ಬಾಯಿದ್ದಿದ್ದರೆ ಪಡಸಾಲೆ ನಡುಗುವ ಹಾಗೆ ಕೂಗುತ್ತಿದ್ದೆ.

ಬಾಯಿರಲಿಲ್ಲ, ಮೈಯಿತ್ತು. ಏಪ್ರಿಲ್ ಮೂವತ್ತಕ್ಕೆ ನನಗೆ ಹೊಸ ಬಟ್ಟೆ ಹಾಕಿಸಿದ್ದರು. ಅಗ್ಗದ ಬಟ್ಟೆ, ಕಚ್ಚಾ ಬಣ್ಣ. ಗಿಳಿಹಸಿರು ಬಟ್ಟೆ ಮೇ ತಿಂಗಳ ಬಿಸಿಲಿಗೆ ಎರಡೇ ವಾರದಲ್ಲಿ ಒಣಮೇವಿನ ಬಣ್ಣಕ್ಕೆ ತಿರುಗಿತ್ತು. ನನ್ನ ಮೇಲೆ ಗ್ರಂಥಾಲಯದ್ದೊಂದು ಸೂಚನೆಯೂ ಇತ್ತು, ಅದೂ ಮೇ ಎರಡನೆಯ ತಾರೀಖಿನದು. ಮೂರಾಯಿತು, ಬಿಸಿಲು ಬಂತು. ಗ್ರಂಥಾಲಯದ ಕಾಗದದ ಒಂದು ತುದಿ ಆ ಬಿಸಿಗೆ ಸುರುಳಿ ಸುತ್ತಿಕೊಂಡಿತು. ಅದರ ಕೆಳಗೆ ಬೆರಳಗಲದ ಗಿಳಿಹಸಿರು.

ಶಮಶಾದ ಅದನ್ನೇ ನೋಡುತ್ತಾ ನಿಂತಳು. ಆಮೇಲೆ ಫಕೀರಪ್ಪನ ಬಳಿ ಹೋದಳು.

"ಕಾಕಾ, ಬೋರ್ಡಿನ ಚಾವಿ ಬೇಕು."

ಫಕೀರಪ್ಪನ ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಅವನು ನೆಲ ನೋಡಿದ. "ನನ್ನ ಏನೂ ಕೇಳಬ್ಯಾಡ ತಂಗಿ, ನಾ ಏನೂ ಹೇಳಂಗಿಲ್ಲ" ಎಂದ. ಆದರೆ ಉಡಿದಾರದಿಂದ ಚಾವಿ ಬಿಚ್ಚಿ ಅವಳ ಕೈಗಿಟ್ಟ.

ಅವಳು ಜಾಣೆ. ಒಬ್ಬಳೇ ಬೀಗ ತೆಗೆಯಲಿಲ್ಲ. ವಿಭಾಗದ ಹಿರಿಯ ಪ್ರಾಧ್ಯಾಪಕಿ ಬೆಳವಡಿ ಮೇಡಂ ಅವರನ್ನು ಕರೆದಳು, ಹುಡುಗರನ್ನು ಕರೆದಳು, ತುರಮರಿ ಸರ್ ಅವರನ್ನೂ ಕರೆದಳು. ಎಲ್ಲರೂ ಸೇರಿದ ಮೇಲೆ ಬಾಗಿಲು ತೆರೆದು ಗ್ರಂಥಾಲಯದ ಕಾಗದ ತೆಗೆದಳು. ಅದರಡಿ ಒಂದು ಕಾಗದದಗಲದ ಗಿಳಿಹಸಿರು, ನಿನ್ನೆ ಅಂಗಡಿಯಿಂದ ತಂದಂತೆ. ಆಮೇಲೆ ಫೆಲೋಶಿಪ್ಪಿನ ಸೂಚನೆ ತೆಗೆದಳು. ಅದರಡಿ ಸುತ್ತಲಿನಷ್ಟೇ ಮಾಸಲು, ಒಂದು ಗೆರೆಯೂ ವ್ಯತ್ಯಾಸವಿಲ್ಲ.

"ಏನಿದು ನಾಟಕ? ಒಂದು ತುಂಡು ಅರಿವಿ ನೋಡಿ ನನ್ನ ಸಹಿ ಸುಳ್ಳು ಅಂತೀಯೇನು?" ಎಂದರು ತುರಮರಿ ಸರ್.

"ನಾ ಅನ್ನಾಕತ್ತಿಲ್ಲ ಸರ್. ಬಿಸಲು ಅನ್ನಾಕತ್ತೈತಿ."

ಬೆಳವಡಿ ಮೇಡಂ ಕನ್ನಡಕ ಏರಿಸಿಕೊಂಡು ನನ್ನ ಹತ್ತಿರ ಬಾಗಿ ನೋಡಿದರು. "ತುರಮರಿ ಸರ್, ಎಲಿಗೆ ಕರೀ ಹಾಳಿ ಕಟ್ಟಿ ಬಿಸಲಿಗೆ ಇಡೋ ಪ್ರಯೋಗ ಇಪ್ಪತ್ತು ವರ್ಷ ಮಾಡಿಸೀರಿ. ಹಾಳಿ ಕಟ್ಟಿದ್ದು ಯಾವ ಎಲಿ, ಕಟ್ಟದೇ ಬಿಟ್ಟದ್ದು ಯಾವ ಎಲಿ ಅಂತ ಮೊದಲನೇ ವರ್ಷದ ಹುಡುಗನೂ ಹೇಳ್ತಾನ. ನೀವೂ ಒಂದ್ಸಲ ನೋಡಿ ಹೇಳ್ರಿ."

ಸರ್ ನೋಡಿದರು. "ತಾರೀಖು ಬರಿಯೂದ್ರಾಗ ಗುಮಾಸ್ತರದು ತಪ್ಪಾಗಿರಬೇಕು" ಎಂದರು. ಹಿಂದೆ ನಿಂತಿದ್ದ ಗುರುಪಾದಪ್ಪ ಜೋರಾಗಿ ಕೆಮ್ಮಿದ. ಸರ್ ಅರ್ಜಿ ಇಸಿದುಕೊಂಡರು. ಮೇಜು ದೂರವಿತ್ತು, ನನ್ನ ಮೇಲೇ ಒತ್ತಿಹಿಡಿದು ಸಹಿ ಹಾಕಿದರು. ಸಿಟ್ಟಿನಲ್ಲಿ ಎಷ್ಟು ಒತ್ತಿದರೆಂದರೆ ಪೆನ್ನಿನ ಗೀರು ನನ್ನ ಹಲಗೆಗೂ ತಾಗಿತು.

ಶಮಶಾದ ಕಾಗದ ತೆಗೆದುಕೊಳ್ಳಲಿಲ್ಲ.

"ತಾರೀಖು ಹಾಕ್ರಿ ಸರ್. ಇವತ್ತಿಂದು."

ಹಾಕಿದರು. ಹದಿಮೂರು ವರ್ಷದಲ್ಲಿ ಅವರ ಕೈಯಿಂದ ನನ್ನ ಮೇಲೆ ಬಿದ್ದ ಮೊದಲ ನಿಜವಾದ ತಾರೀಖು ಅದು.

ಜುಲೈಯಲ್ಲಿ ಫಲಿತಾಂಶ ಬಂತು. ಶಮಶಾದಳ ಹೆಸರಿತ್ತು. ಫಕೀರಪ್ಪ ಅದನ್ನು ಡ್ರಾಯರಿಗೆ ಮುಟ್ಟಿಸಲಿಲ್ಲ, ಟಪಾಲಿನಿಂದ ತೆಗೆದವನೇ ನೇರ ತಂದು ನನ್ನ ಮೇಲೆ ಹಚ್ಚಿದ. "ಇನ್ನೆರಡು ವರ್ಷದಾಗ ನನ್ನೇನು ಕಿತ್ಕೋತಾರ?" ಎಂದು ಗೊಣಗಿದ. ಈ ಸಲ ಕಾಗದವನ್ನು ನೋಡುತ್ತಲೇ ನಾಲ್ಕೂ ಪಿನ್ನು ಚುಚ್ಚಿದ.

ಅವನನ್ನು ಬಿಟ್ಟರು, ನನ್ನನ್ನು ಬಿಡಲಿಲ್ಲ. ಮರುವಾರವೇ "ಬೋರ್ಡು ಹಳೇದಾಗೈತಿ" ಎಂದು ಗೋಡೆಯಿಂದ ಇಳಿಸಿದರು. ನನ್ನ ಜಾಗಕ್ಕೆ ಮಿನುಗುವ ಪರದೆ ಬಂತು. ಅದರಲ್ಲಿ ದಿನವಿಡೀ ಸರ್ ದೀಪ ಹಚ್ಚುವ ಫೋಟೋಗಳು. ನಾನು ಎಂಟು ತಿಂಗಳು ಉಗ್ರಾಣದಲ್ಲಿ ಮುರಿದ ಸ್ಟೂಲುಗಳ ಹಿಂದಿದ್ದೆ. ಹಲ್ಲಿ ಮೊಟ್ಟೆಯಿಟ್ಟಿತು, ಧೂಳು ಹತ್ತಿತು. ಪಶ್ಚಾತ್ತಾಪ ಮಾತ್ರ ಹತ್ತಿರ ಸುಳಿಯಲಿಲ್ಲ. ಮತ್ತೆ ಅದೇ ಗೋಡೆಗೆ ಹಾಕಿದರೂ ಮತ್ತೆ ಅದನ್ನೇ ಮಾಡುತ್ತಿದ್ದೆ.

ಫೆಲೋಶಿಪ್ ಬಂದ ಮೇಲೆ ಶಮಶಾದಳಿಗೆ ಕಟ್ಟಡದ ಕೊನೆಯಲ್ಲಿ, ಒಣಗಿಸಿದ ಹುಲ್ಲಿನ ಹಾಳೆಗಳನ್ನಿಡುವ ಸಣ್ಣ ಕೋಣೆ ಸಿಕ್ಕಿತು. ಸರ್ ಅವಳೊಂದಿಗೆ ಮಾತು ಬಿಟ್ಟಿದ್ದರು. ಅವಳು ಅದನ್ನೂ ಲಾಭವೆಂದೇ ತಿಳಿದಳು. ಒಂದು ದಿನ ಫಕೀರಪ್ಪನೊಂದಿಗೆ ಉಗ್ರಾಣಕ್ಕೆ ಬಂದು ನನ್ನನ್ನು ಆ ಕೋಣೆಗೆ ಹೊತ್ತೊಯ್ದಳು.

"ಹೊಸಾ ಅರಿವಿ ಹಾಕಸೂಣೇನು ತಂಗಿ?"

"ಬ್ಯಾಡ ಕಾಕಾ, ಇದೇ ಇರಲಿ. ಬಾಗಲಾ ಅಷ್ಟ ತಗದುಬಿಡು."

ಬಾಗಿಲು ಹೋಯಿತು, ಬೀಗ ಹೋಯಿತು. ಮೌನೇಶಪ್ಪನವರ ಮೂಲೆಗಳು ಇನ್ನೂ ಗಟ್ಟಿ. ಪ್ರತಿ ಸೋಮವಾರ ಅವಳು ಹೊಸ ಫೆಲೋಶಿಪ್ಪುಗಳನ್ನು ಹುಡುಕಿ ಕೈಯಾರೆ ಬರೆದು ಹಚ್ಚುತ್ತಾಳೆ. ಎಷ್ಟು ವಯಸ್ಸಿನವರೆಗೆ, ಕೊನೆಯ ದಿನ ಯಾವುದು, ಯಾರ ಸಹಿ ಬೇಕು, ಆ ಸಹಿಗೆ ಎಷ್ಟು ದಿನ ಅಲೆಯಬೇಕು, ಎಲ್ಲ ಇರುತ್ತದೆ. ಹಚ್ಚಿದ ತಾರೀಖಿನ ಪಕ್ಕದಲ್ಲಿ ಮೊದಲು ಓದಿದವರು ಸಹಿ ಹಾಕಬೇಕು. ಅರ್ಜಿ ಹಾಕಿದವರಿಗೆಲ್ಲ ಸಿಗುವುದಿಲ್ಲ. ಸಿಗದವರು ಬಂದು ಬೈದುಕೊಂಡು, ಚಹಾ ಕುಡಿದು, ಮುಂದಿನದನ್ನು ಬರೆದುಕೊಂಡು ಹೋಗುತ್ತಾರೆ. ಆ ಗಿಳಿಹಸಿರಿನ ಚೌಕ ಈಗ ಮಾಸಿಹೋಗಿದೆ. ಮಾಸಲಿ, ಅದರ ಕೆಲಸ ಮುಗಿದಿದೆ.

ಕಳೆದ ವಾರ ಒಬ್ಬ ಗಂಡಸು ಬಂದ. ತಲೆ ಅರ್ಧ ನರೆತಿತ್ತು. ಜೊತೆಗೆ ಅವನ ಟ್ಯೂಷನ್ನಿನಲ್ಲಿ ಓದಿ ಈಗ ಎಂ.ಎಸ್ಸಿ. ಮುಗಿಸಿದ ಹುಡುಗಿ. ಅವನು ನನ್ನ ಮುಂದೆ ನಿಂತು ಬೆರಳೆತ್ತಿದ. ಗಾಜು ತಾಗೀತೆಂದು ಅರ್ಧಕ್ಕೇ ತಡೆದ. ಗಾಜಿರಲಿಲ್ಲ. ಬೆರಳು ನೇರ ಕಾಗದದ ಮೇಲೆ, ಕೊನೆಯ ದಿನದ ಮೇಲೆ ಕೂತಿತು. ಆ ಬೆರಳಿನ ಗುರುತು ನನಗೆ ಮರೆಯುತ್ತದೆಯೇ! ಅರ್ಜಿ ಹಾಕುವ ಅವನ ಸ್ವಂತ ವಯಸ್ಸು ಎಂದೋ ದಾಟಿಹೋಗಿತ್ತು. ಎರಡು ಸಲ ಓದಿದ, ಹಿಂದಿನಂತೆಯೇ. ಆಮೇಲೆ ಹುಡುಗಿಯ ಕಡೆ ತಿರುಗಿದ ಬಸವಂತ.

"ಇನ್ನೂ ಇಪ್ಪತ್ತೆರಡು ದಿನ ಐತಿ. ಮನೀಗೆ ಹೋಗೂದು ಆಮ್ಯಾಲ. ಇಲ್ಲೇ ಕುಂದರು, ಬರಿ."