ಸಾಹೇಬರ ಬ್ಯಾಗು

"ಥೂ ಮುದುಕ, ಸುಳ್ಳು ಹೇಳೋಕೆ ನಾಚ್ಕೆ ಆಗಲ್ವಾ? ಕೈಲಾಗಲ್ಲ ಅಂತ ಅರ್ಜಿ ಹಾಕಿ, ಈಗಷ್ಟೇ ನನ್ನ ಬ್ಯಾಗ್ ಎತ್ಕೊಂಡು ಒಳಗೆ ಬಂದ್ಯಲ್ಲೋ!" ಸಾಹೇಬ ಗದರಿದ.

ಹಮಾಲಿ ಅಜ್ಜ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದ. ಜೀವಮಾನವಿಡೀ ಗೋದಾಮಿನಲ್ಲಿ ಮೂಟೆ ಹೊತ್ತವನು. ಬೂಟು ಹಾಕಿದವನೊಬ್ಬ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತರೆ ಆ ಕೈ ಸುಮ್ಮನಿರುತ್ತದೆಯೇ? ಹುಟ್ಟುಗುಣ ಸುಟ್ಟರೂ ಹೋಗದು. ಎತ್ತಿದ್ದೇನೋ ಎತ್ತಿದ, ಆಮೇಲೆ ಸೊಂಟ ಹಿಡಿದುಕೊಂಡಿತು.

ಮನೆಗೇ ಬಂದು ಮುದುಕರಿಗೆ ಸ್ನಾನ ಮಾಡಿಸುವ ಸರ್ಕಾರಿ ಆಳನ್ನು ಇವನಿಗೆ ಕೊಡಬೇಕೋ ಬೇಡವೋ ಎಂದು ನೋಡಲು ಸಾಹೇಬ ಬಂದಿದ್ದ. ಅಪ್ಪನಿಗೆ ಸ್ನಾನ ಮಾಡಿಸಿ ಹೊರಡುವಷ್ಟರಲ್ಲಿ ಮಗಳಿಗೆ ಹೊಲಿಗೆ ಕಾರ್ಖಾನೆಗೆ ದಿನವೂ ತಡ. ಇನ್ನೊಂದು ಸಲ ತಡವಾದರೆ ಬರಲೇಬೇಡ ಎಂದು ಮೇಸ್ತ್ರಿ ಹೇಳಿಬಿಟ್ಟಿದ್ದ. ಅರ್ಜಿ ಹಾಕಲು ಅಪ್ಪನನ್ನು ಒಪ್ಪಿಸುವುದರಲ್ಲೇ ಅವಳು ಹೈರಾಣಾಗಿದ್ದಳು. ಸತ್ತ ಮೇಲೆ ನಾಲ್ಕು ಜನ ಹೊರುತ್ತಾರೆ, ಅಲ್ಲಿಯವರೆಗೆ ನನ್ನ ಹೊರೆ ನನ್ನದೇ ಎನ್ನುತ್ತಿದ್ದ. ನಿನ್ನೆ ಅವಳು ಅವನ ಬೆನ್ನು ಉಜ್ಜುತ್ತಲೇ ತೂಕಡಿಸಿದಳು. ಆಗ ಹೂಂ ಅಂದ.

ಸಾಹೇಬ ಅಂಗಿ ಬಿಚ್ಚಿಸಿದ. ಕೈ ಎತ್ತಿಸಿದ. ಮಗಳ ಎದುರಲ್ಲೇ ಬಗ್ಗಿಸಿದ. ಅಜ್ಜ ನಾಚಿಕೆಯಿಂದ ಹಿಡಿಯಷ್ಟಾದ.

"ಬಗ್ತಾನಲ್ಲಮ್ಮ ಚೆನ್ನಾಗಿ."

"ಅಪ್ಪಂಗೆ ಬಗ್ಗಿ ಬಗ್ಗಿ ಅಭ್ಯಾಸ ಸಾರ್. ಏಳೋಕೇ ಆಗಲ್ಲ."

ಬಿಟ್ಟಿ ಸಿಗುತ್ತದೆ ಅಂದರೆ ನಿಮ್ಮಂಥ ಜನಕ್ಕೆ ಕೈಕಾಲೇ ಇರುವುದಿಲ್ಲ ಎಂದು ಸಾಹೇಬ ಗೊಣಗಿದ. ಆಳು ಕೊಡಲಾಗುವುದಿಲ್ಲ ಎಂದು ಹೇಳಿ ಬಾಗಿಲ ಕಡೆ ತಿರುಗಿದ. "ಬ್ಯಾಗ್ ತಗೊಂಡ್ ಬಾರೋ."

ಅಜ್ಜನ ಕೈ ತಾನಾಗಿಯೇ ಚಾಚಿತು. ಅರ್ಧದಲ್ಲಿ ನಿಂತಿತು. ಅವನು ಗೋಡೆ ಹಿಡಿದು ಮೆಲ್ಲಗೆ ಕುಸಿದು ಆ ಬ್ಯಾಗಿನ ಮೇಲೇ ಕೂತುಬಿಟ್ಟ. ಒಳಗೆ ಸಾಹೇಬನ ಊಟದ ಡಬ್ಬಿ ಅಪ್ಪಚ್ಚಿಯಾದ ಸದ್ದಾಯಿತು.

"ಏಳೋ ಬೋಳಿಮಗನೆ!"

"ಆಗಲ್ಲ ಸ್ವಾಮಿ. ಬ್ಯಾಗ್ ಬೇಕಂದ್ರೆ ಎತ್ತಿ. ಕಂಕುಳಿಗೆ ಕೈ ಹಾಕಿ ಎತ್ತಬೇಕು. ನನ್ನ ಮಗಳು ದಿನಾ ಹಾಗೇ ಎತ್ತೋದು."

ಮಗಳು ರೂಢಿಯಂತೆ ಮುಂದೆ ಬಂದಳು. ಅಜ್ಜ ತಲೆಯಾಡಿಸಿದ.

"ನೀನು ಕೆಲ್ಸಕ್ಕೆ ಹೋಗಮ್ಮ. ಹೊತ್ತಾಯ್ತು."

ಅವಳು ಚಾಚಿದ ಕೈ ಹಿಂದಕ್ಕೆ ತೆಗೆದಳು. ಆಮೇಲೆ ಚಪ್ಪಲಿ ಮೆಟ್ಟಿ, ಸಾಹೇಬನ ಪಕ್ಕದಿಂದಲೇ ಬೀದಿಗಿಳಿದಳು. ಅಜ್ಜ ಬರಿಮೈಯಲ್ಲಿ, ತೋಳುಗಳನ್ನು ಆದಷ್ಟು ಮೇಲೆತ್ತಿ, ಸಾಹೇಬನಿಗಾಗಿ ಕಾಯುತ್ತಾ ಕೂತ.